ಗೋಡೆ ಯಾಕೆ ಕಪ್ಪಾಗಿದೆ ಎಂದು ಕೇಳುವ ಮಾಸ್ಟ್ರು

ಹಳೆ ಮನೆ ಕೆಡವುವ ಮೊದಲು ಅದರದ್ದೊಂದು ಚಿತ್ರ ಬರೆಸಿ ಇಟ್ಟುಕೊಳ್ಳುವ ಆಸೆ ಈಗ ನಮ್ಮ ಕಡೆ ತುಂಬ ಜನರಿಗೆ ಇದೆ. ಮನೆ ಪಾಲಾಗುತ್ತದೆ, ಜಾಗ ಬಿಲ್ಡರ್ ಕೈಗೆ ಹೋಗುತ್ತದೆ, ಇಲ್ಲವೇ ಅಲ್ಲೇ ಪಕ್ಕದಲ್ಲಿ ಟೆರೇಸ್ ಮನೆ ಏಳುತ್ತದೆ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳು ರಜೆಗೆ ಬಂದಾಗ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು ಯಾರಾದರೂ ಚಿತ್ರಕಾರರಿಗೆ ವಾಟ್ಸಾಪ್ ಮಾಡುತ್ತಾರೆ. ತಿಂಗಳೊಳಗೆ ಫ್ರೇಮ್ ಹಾಕಿದ ಚಿತ್ರ ಮನೆಗೆ ಬರುತ್ತದೆ. ಉಡುಪಿ ಹತ್ತಿರದ ನಮ್ಮ ದೊಡ್ಡಮ್ಮನ ಮನೆಯ ಚಿತ್ರವೂ ಹಾಗೇ ಆಗಬೇಕಿತ್ತು. ಆದರೆ ನಾವು ಕೇಳಿದ ಡ್ರಾಯಿಂಗ್ ಮಾಸ್ಟ್ರು ಫೋಟೋ ಬೇಡ ಅಂದರು. "ಮನೆ ಇನ್ನೂ ನಿಂತುಂಟಲ್ಲ? ಹಾಗಾದ್ರೆ ನಾನೇ ಬರ್ತೇನೆ."

ದೊಡ್ಡಮ್ಮನ ಮಗ, ಅಂದರೆ ನನ್ನ ಅಣ್ಣ, "ಫೋಟೋದಲ್ಲಿ ಎಲ್ಲ ಕಾಣ್ತದಲ್ಲ, ಮತ್ತೆ ಮಂಗಳೂರಿಂದ ಬಸ್ಸು ಹತ್ತಿ ಬರುವುದು ಯಾಕೆ?" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಮಾಸ್ಟ್ರು ಬರೆಯುವುದು ನೈಜ ಶೈಲಿಯ ಜಲವರ್ಣ. ಹಂಚು ಹಂಚಿನ ಹಾಗೆ, ದೋಣಿ ದೋಣಿಯ ಹಾಗೆ ಇರುತ್ತದೆ. ಹಾಗಿದ್ದ ಮೇಲೆ ಫೋಟೋ ನೋಡಿ ಬರೆದರೂ ಅದೇ ತಾನೇ ಬರಬೇಕಾದ್ದು? ಈ ಪ್ರಶ್ನೆ ನನ್ನ ತಲೆಯಲ್ಲಿ ಆಗ ಕೂತದ್ದು ಇನ್ನೂ ಎದ್ದು ಹೋಗಿಲ್ಲ. ಇಂಥ ಚಿತ್ರಕಾರರಿಗೆ ಎರಡು ಕಡೆಯಿಂದಲೂ ಒಂದೇ ಮಾತು ಸಿಗುತ್ತದೆ. ಪ್ರದರ್ಶನಕ್ಕೆ ಬಂದವರು ಮೆಚ್ಚಿ "ಥೇಟ್ ಫೋಟೋ ಹಾಗೇ ಉಂಟು" ಅನ್ನುತ್ತಾರೆ. ಕಲೆ ಓದಿಕೊಂಡ ಕೆಲವರು ಅದನ್ನೇ ತಿರುಗಿಸಿ "ಬರೀ ನಕಲು" ಅನ್ನುತ್ತಾರೆ. ಒಬ್ಬರು ಹೊಗಳಿದ್ದು, ಇನ್ನೊಬ್ಬರು ತೆಗಳಿದ್ದು. ಆದರೆ ಇಬ್ಬರೂ ನಂಬಿದ್ದು ಒಂದನ್ನೇ: ಕಣ್ಣಿಗೆ ಕಂಡದ್ದನ್ನು ಕೈ ಇಳಿಸುತ್ತದೆ, ಅಷ್ಟೇ. ಮಾಸ್ಟ್ರು ದೊಡ್ಡಮ್ಮನ ಅಂಗಳದಲ್ಲಿ ಕೆಲಸ ಮಾಡಿದ್ದನ್ನು ಹತ್ತಿರದಿಂದ ನೋಡಿದ ನನಗೆ ಆ ನಂಬಿಕೆ ಪೂರ್ತಿ ಹೋಗಿದೆ.

ಅಂಗಳದಲ್ಲಿ

ಫೆಬ್ರವರಿ ತಿಂಗಳು. ಬೆಳಿಗ್ಗೆ ಎಂಟಕ್ಕೆಲ್ಲ ಬಂದರು. ಒಂದು ಬಟ್ಟೆ ಚೀಲ, ಒಂದು ಹಲಗೆ, ಮಡಚುವ ಸ್ಟೂಲು. ದೊಡ್ಡಮ್ಮ ಬೆಲ್ಲ ನೀರು ಕೊಟ್ಟರು. ಕುಡಿದು ಚೀಲವನ್ನು ಜಗಲಿಯಲ್ಲೇ ಇಟ್ಟು ಮನೆಗೆ ಒಂದು ಸುತ್ತು ಬಂದರು. ಮತ್ತೆ ಇನ್ನೊಂದು ಸುತ್ತು. ಬ್ರಷ್ ತೆಗೆಯುವ ಲಕ್ಷಣವೇ ಕಾಣಲಿಲ್ಲ. ಆಮೇಲೆ ದೊಡ್ಡಮ್ಮನ ಹತ್ತಿರ ಬಂದು ಕೇಳಿದರು: "ಅಮ್ಮ, ಈ ಕಡೆ ಗೋಡೆ ಮಾತ್ರ ಯಾಕೆ ಇಷ್ಟು ಕಪ್ಪು?"

"ಅದು ಪಡು ದಿಕ್ಕಲ್ವಾ ಮಾಸ್ಟ್ರೇ. ಮಳೆ ಬಂದು ಬಡಿಯುವುದು ಅಲ್ಲಿಗೇ. ಮೊದಲು ಮೇ ಕೊನೆಗೆ ತೆಂಗಿನ ಮಡಲಿನ ತಟ್ಟಿ ಕಟ್ತಿದ್ದೆವು. ಇವರು ಹೋದ ಮೇಲೆ ಕಟ್ಟುವವರು ಯಾರು?"

ಮಾಸ್ಟ್ರು ತಲೆಯಾಡಿಸಿ ಮತ್ತೆ ಗೋಡೆಯ ಹತ್ತಿರ ಹೋದರು. ನಾನೂ ಹಿಂದೆ ಹೋದೆ. ಅವರು ಬೆರಳು ತೋರಿಸಿದ ಮೇಲೆಯೇ ನನಗೆ ಕಂಡದ್ದು. ಗೋಡೆಯ ಕಪ್ಪು ಒಂದೇ ಕಪ್ಪಲ್ಲ. ಮೇಲೆ, ಮಾಡಿನ ಅಂಚಿನ ಕೆಳಗೆ, ಸುಣ್ಣದ ಬಿಳುಪು ಇನ್ನೂ ಸ್ವಲ್ಪ ಉಳಿದಿದೆ. ನಡುವೆ ತಟ್ಟಿ ಕಟ್ಟುತ್ತಿದ್ದ ಎತ್ತರಕ್ಕೆ ಒಂದು ಮಾಸಲು ಪಟ್ಟಿ ಅಡ್ಡಕ್ಕೆ ಹೋಗಿದೆ. ಅದರ ಕೆಳಗಿನ ಕಪ್ಪು ಹೊಸದು, ಸ್ವಲ್ಪ ಹಸಿರು ಬೆರೆತದ್ದು. ಬುಡದಲ್ಲಿ ಎರಡು ಅಡಿಯಷ್ಟು ಕೆಂಪು. ಮಾಡಿನ ನೀರು ಅಂಗಳದ ಕೆಮ್ಮಣ್ಣಿಗೆ ಬಿದ್ದು ಎಗರಿ ಗೋಡೆಗೆ ಹಚ್ಚಿದ ಕೆಂಪು ಅದು. ಒಂದೇ ಗೋಡೆಯಲ್ಲಿ ದೊಡ್ಡಪ್ಪ ಇದ್ದ ಕಾಲ, ಇಲ್ಲದ ಕಾಲ ಎರಡೂ ಇವೆ. ಅಣ್ಣನ ಫೋಟೋದಲ್ಲೂ ಈ ಗೋಡೆ ಇತ್ತು. ಅದರಲ್ಲಿ ಅದು ಸುಮ್ನೆ ಕೊಳೆಯಾದ ಗೋಡೆ.

ಮಾಡಿನ ಬಗ್ಗೆ ಕೇಳಿದ್ದು ಇನ್ನೂ ಜಾಸ್ತಿ. ಬಲಗಡೆ ಮೂಲೆಯಲ್ಲಿ ಒಂದಷ್ಟು ಹಂಚು ಕಿತ್ತಳೆ ಬಣ್ಣಕ್ಕಿದ್ದವು. ಉಳಿದದ್ದೆಲ್ಲ ಕಂದು, ಕಪ್ಪು, ಹಾವಸೆಯ ಹಸಿರು. ಅಲ್ಲಿ ಏನಾಗಿತ್ತು ಎಂದು ಕೇಳಿದರು. ಅಲ್ಲೊಂದು ಗೆಂದಾಳಿ ತೆಂಗಿನ ಮರ ಇತ್ತು, ಕಾಯಿ ಬಿದ್ದು ಹಂಚು ಒಡೆಯುತ್ತಲೇ ಇತ್ತು, ಹೊಸ ಹಂಚು ಹಾಕಿ ಹಾಕಿ ಸಾಕಾಗಿ ಕೊನೆಗೆ ಮರವನ್ನೇ ಕಡಿಸಿದೆವು ಎಂದು ದೊಡ್ಡಮ್ಮ ಹೇಳಿದರು. ಚಿತ್ರದಲ್ಲಿ ಆ ಮರ ಇಲ್ಲ. ಇರಲೂಬಾರದು, ಯಾಕೆಂದರೆ ಅಂಗಳದಲ್ಲಿ ಅದು ಇರಲಿಲ್ಲ. ಆದರೆ ಕಿತ್ತಳೆ ಹಂಚಿನ ತೇಪೆ ಇದೆ. ಆ ಮರ ಗೊತ್ತಿದ್ದವರಿಗೆ ಅಷ್ಟೇ ಸಾಕು. ಅಡುಗೆ ಮನೆಯ ಮೇಲಿನ ಮಾಡಿನಲ್ಲಿ ಹಾವಸೆ ಕಡಿಮೆ ಇತ್ತು. "ಒಲೆ ಉರಿಯುವ ಕಡೆ ಹಂಚು ಬೇಗ ಒಣಗ್ತದೆ" ಅಂದವರು ಒಳಗೆ ಹೋಗಿ ಒಲೆ ಎಲ್ಲಿದೆ ಎಂದು ನೋಡಿಕೊಂಡೇ ಬಂದರು. ಮಾಡಿನ ಇಳಿಜಾರಿನ ಪಕ್ಕಾಸು ಎಷ್ಟು ದೂರಕ್ಕೊಂದು ಇದೆ, ಹಂಚು ಕೂರುವ ಅಡ್ಡಪಟ್ಟಿ ರೀಪು ಎಲ್ಲಿ ಬಗ್ಗಿದೆ, ಕನ್ನಡಿ ಹಂಚು ಎಲ್ಲಿದೆ, ಇದೆಲ್ಲ ಒಳಗಿನಿಂದ ನೋಡಿದರು. ಹೊರಗಿನಿಂದ ಮಾಡಿನ ಗೆರೆ ಒಂದು ಕಡೆ ಸ್ವಲ್ಪ ತಗ್ಗಿತ್ತು. ಒಳಗೆ ರೀಪು ಗೆದ್ದಲು ತಿಂದು ಬಗ್ಗಿದ ಜಾಗವೂ ಸರಿಯಾಗಿ ಅದೇ.

ಬಣ್ಣ ಮುಟ್ಟಿದ್ದು ಮರುದಿನ. ಅದೂ ಎಂಟರಿಂದ ಒಂಬತ್ತೂವರೆ ಒಳಗೆ. ಆಮೇಲೆ ನೆರಳು ಓಡುತ್ತದೆ, ಚಿತ್ರ ಮುಚ್ಚಿಟ್ಟು ಮನೆಯವರ ಜೊತೆ ಮಾತಾಡುತ್ತಾ ಕೂರುತ್ತಿದ್ದರು. ಹೀಗೆ ಕೆಲವು ದಿನ ಅದೇ ಹೊತ್ತಿಗೆ ಬಂದರು. ನನಗೆ ಅತ್ಯಂತ ಹಿಡಿಸಿದ್ದು ಅವರು ಜಗಲಿಯ ನೆರಳು ಬರೆದ ರೀತಿ. ಫೋಟೋದಲ್ಲಿ ಮಾಡಿನ ಕೆಳಗೆ ಬರೀ ಕತ್ತಲು. ಅಲ್ಲಿಗೆ ಬೆಳಕು ಹೊಂದಿಸಿದರೆ ಅಂಗಳ, ಆಕಾಶ ಎರಡೂ ಬೆಳ್ಳಗೆ ಸುಟ್ಟು ಹೋಗುತ್ತವೆ. ನಮ್ಮ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಬೆಳಗಿನ ಬಿಸಿಲು ಕೆಂಪು ಅಂಗಳಕ್ಕೆ ಬಿದ್ದು ಅಲ್ಲಿಂದ ಮೇಲೆದ್ದು ಮಾಡಿನ ಒಳಬದಿಯ ಮರಕ್ಕೆ ತಾಗುತ್ತದೆ. ಜಗಲಿಯ ನೆರಳಿನೊಳಗೆ ಒಂದು ಬೆಚ್ಚಗಿನ ಕೆಂಪು ಇರುತ್ತದೆ. ಮಾಸ್ಟ್ರು ಮೊದಲು ಆ ಕೆಂಪನ್ನು ತೆಳುವಾಗಿ ಹಾಕಿದರು. ಅದು ಪೂರ್ತಿ ಒಣಗಿದ ಮೇಲೆ ಅದರ ಮೇಲೆ ನೀಲಿ ನೆರಳನ್ನು ಒಂದೇ ಸಲ ಎಳೆದು ಕೈ ತೆಗೆದರು. ಕೆಳಗಿನ ಕೆಂಪು ನೀಲಿಯ ಮೂಲಕ ಕಂಡಿತು. ದೊಡ್ಡಮ್ಮ ದಿನಾ ಕೂತು ಹೂ ಕಟ್ಟುವ ಜಾಗ ಅದು. ಅವರು ಚಿತ್ರ ನೋಡಿ, "ಈ ಹೊತ್ತಿಗೆ ಇಲ್ಲಿ ಹೀಗೇ ಇರ್ತದೆ" ಅಂದರು. ಅದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ನಾನು ಕೇಳಿಲ್ಲ.

ಬಾವಿಕಟ್ಟೆಯ ಹತ್ತಿರ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ಇತ್ತು. ಅದನ್ನು ಬಿಡಬಹುದಿತ್ತಲ್ಲ ಎಂದು ಅಣ್ಣ ಕೇಳಿದ. "ಅಮ್ಮ ದಿನಾ ನೀರು ತುಂಬಿಸುವುದು ಅದಕ್ಕೇ ಅಲ್ವಾ?" ಎಂದು ಮಾಸ್ಟ್ರು ಅದನ್ನು ಉಳಿಸಿಕೊಂಡರು. ಆದರೆ ಮನೆಯ ಹಿಂದೆ ಕಾಣುತ್ತಿದ್ದ ಮೊಬೈಲ್ ಟವರನ್ನು ಬಿಟ್ಟುಬಿಟ್ಟರು. ಅದು ಈ ಮನೆಗೆ ಸೇರಿದ್ದಲ್ಲ ಎಂಬುದು ಅವರ ಲೆಕ್ಕ. ಇಲ್ಲಿ ನನಗೆ ಅವರ ಜೊತೆ ಪೂರ್ತಿ ಒಪ್ಪಿಗೆ ಇಲ್ಲ. ಆ ಟವರೂ ಆ ಮನೆಯ ಕೊನೆಯ ಹತ್ತು ವರ್ಷದ ಆಕಾಶವೇ. ಆದರೂ ಒಂದನ್ನು ಉಳಿಸಿ ಒಂದನ್ನು ಬಿಡಲು ಅವರಿಗೆ ಅವರದೇ ಕಾರಣ ಇತ್ತು. ನಕಲು ಮಾಡುವವರಿಗೆ ಕಾರಣ ಬೇಕಾಗುವುದಿಲ್ಲ.

ಬಿಳಿ ಬಣ್ಣ ಇಲ್ಲದ ಕೆಲಸ

ಶಾಲೆಯಲ್ಲಿ ಕ್ಯಾಮೆಲ್ ಬಣ್ಣದ ಪೆಟ್ಟಿಗೆ ಹಿಡಿದವರಿಗೆಲ್ಲ ಜಲವರ್ಣ ಸುಲಭ ಅನ್ನಿಸುತ್ತದೆ. ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗೆ ಕೂತವರಿಗೆ ಮಾತ್ರ ಅದರ ಕಷ್ಟ ಗೊತ್ತು. ತೈಲವರ್ಣದಲ್ಲಿ ತಪ್ಪಿದರೆ ಮೇಲೆ ಇನ್ನೊಂದು ಪದರ ಬಳಿಯಬಹುದು. ಇಲ್ಲಿ ಆಗುವುದಿಲ್ಲ. ಇಲ್ಲಿ ಬಿಳಿ ಎಂದರೆ ಕಾಗದ. ತೊಳೆದು ಒಣಗಲು ಹಾಕಿದ ಪಂಚೆಯ ಬಿಳಿ ಬೇಕಿದ್ದರೆ ಮೊದಲ ದಿನವೇ ಆ ಜಾಗವನ್ನು ಗುರುತು ಮಾಡಿ, ಸುತ್ತಲಿನ ಎಲ್ಲ ಬಣ್ಣವನ್ನೂ ಅದರ ಅಂಚಿನವರೆಗೆ ತಂದು ನಿಲ್ಲಿಸಬೇಕು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಅಂದರೆ ಚಿತ್ರ ಶುರು ಮಾಡುವಾಗಲೇ ಅದರ ಕೊನೆ ಗೊತ್ತಿರಬೇಕು. ಮಾಸ್ಟ್ರು ಮೊದಲ ದಿನವಿಡೀ ಸುತ್ತು ಹಾಕಿ ಪ್ರಶ್ನೆ ಕೇಳಿದ್ದು ಇದಕ್ಕೂ ಹೌದು. ಗೋಡೆ ಯಾಕೆ ಕಪ್ಪು ಎಂದು ಗೊತ್ತಿದ್ದರೆ ಆ ಕಪ್ಪು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೂ ಗೊತ್ತಿರುತ್ತದೆ. ಕೈ ಅನುಮಾನ ಪಡುವುದಿಲ್ಲ. ಜಲವರ್ಣದಲ್ಲಿ ಕೈ ಅನುಮಾನಪಟ್ಟರೆ ಕಾಗದದ ಮೇಲೆ ಅದು ಕಂಡೇ ಕಾಣುತ್ತದೆ.

ಅವರ ತಟ್ಟೆಯಲ್ಲಿ ಬಣ್ಣಗಳು ಬಹಳ ಇಲ್ಲ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ ಎಂಬ ಕೆಂಗಂದು, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಇನ್ನೊಂದೆರಡು. ನೀಲಿಗೆ ಬರ್ನ್ಟ್ ಸಿಯೆನಾ ಸೇರಿಸಿದರೆ ಬೂದು ಬರುತ್ತದೆ. ಹೆಚ್ಚು ಕಡಿಮೆ ಮಾಡಿದರೆ ಮಳೆಮೋಡದಿಂದ ಹಿಡಿದು ಮಸಿ ಹಿಡಿದ ಹಂಚಿನವರೆಗೆ ಎಲ್ಲವೂ ಆ ಎರಡರಲ್ಲೇ ಸಿಗುತ್ತದೆ. ಅಲ್ಟ್ರಾಮರೀನಿನ ಕಣ ಸ್ವಲ್ಪ ದಪ್ಪ. ತರಿ ಕಾಗದದ ಗುಳಿಯಲ್ಲಿ ಇಳಿದು ಕೂರುತ್ತದೆ. ಹಳೆ ಸುಣ್ಣದ ಗೋಡೆಯ ಒರಟು ಬರುವುದು ಹಾಗೆ. ಇನ್ನು ಬರ್ನ್ಟ್ ಸಿಯೆನಾ, ಓಕರ್ ಎಂದರೆ ಕಬ್ಬಿಣದ ಅಂಶ ಇರುವ ಮಣ್ಣೇ. ನಮ್ಮ ಮುರಕಲ್ಲು ಕೆಂಪಾಗಿರುವುದೂ, ಮಂಗಳೂರು ಹಂಚು ಸುಟ್ಟಾಗ ಕೆಂಪಾಗುವುದೂ ಅದೇ ಕಬ್ಬಿಣದಿಂದ. ಕರಾವಳಿಯ ಮನೆಯನ್ನು ಬರೆಯುವವರು ಆ ಮನೆಗೆ ಕೆಂಪು ಕೊಟ್ಟ ವಸ್ತುವಿನಿಂದಲೇ ಅದನ್ನು ಬರೆಯುತ್ತಾರೆ. ಇದು ಗೊತ್ತಾದ ದಿನ ನನಗೆ ತುಂಬ ಖುಷಿಯಾಗಿತ್ತು.

ಮಾಸ್ಟ್ರ ಮನೆ ಇರುವುದು ಮಂಗಳೂರಿನ ಜೆಪ್ಪು ಕಡೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಅಲ್ಲೇ. ಒಂದು ಜುಲೈಯಲ್ಲಿ ಅವರ ಮನೆಗೆ ಹೋಗಿದ್ದೆ. ಧೋ ಎಂದು ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಊರಿನಲ್ಲಿ ನೀರಿನ ಬಣ್ಣ ಹಿಡಿದು ಕೂರುವುದು ಎಂದರೆ ಹೇಗಿರಬೇಡ. ಬಟ್ಟೆಯೇ ಮೂರು ದಿನಕ್ಕೆ ಒಣಗುವುದಿಲ್ಲ. ಚಿತ್ರ ಹಾಳಾಗುವುದಿಲ್ಲವಾ ಎಂದು ಕೇಳಿದೆ. "ಹಾಳಾಗ್ತದೆ, ಗಡಿಬಿಡಿ ಮಾಡಿದ್ರೆ" ಅಂದರು. ಹಲಗೆಯ ಮೇಲೆ ನೇತ್ರಾವತಿ ಅಳಿವೆಬಾಗಿಲಿನ ಚಿತ್ರ ಶುರುವಾಗಿತ್ತು. ಕಾಗದಕ್ಕೆ ನೀರು ಬಳಿದಿದ್ದರು. ಅದು ಹೊಳೆಯುತ್ತಿತ್ತು. ಅವರು ಬ್ರಷ್ ಹಿಡಿದುಕೊಂಡು ಸುಮ್ನೆ ಕೂತಿದ್ದರು. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದು ಆ ಹೊಳಪನ್ನೇ ನೋಡುತ್ತಿದ್ದರು. ಹೊಳಪು ಜಾಸ್ತಿ ಇರುವಾಗ ಬಣ್ಣ ಹಾಕಿದರೆ ಎಲ್ಲೆಲ್ಲೋ ಓಡುತ್ತದೆ. ಪೂರ್ತಿ ಹೋದ ಮೇಲೆ ಹಾಕಿದರೆ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ನಡುವೆ ಒಂದು ಹೊತ್ತಿದೆ, ಹೊಳಪು ಮಂಕಾಗುವ ಹೊತ್ತು. ಆಗ ಹಾಕಿದ ಬಣ್ಣ ಮೆತ್ತಗೆ ಹರಡಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಆ ಹೊತ್ತು ಬಂದದ್ದು ಗೊತ್ತಾಗುವುದರೊಳಗೆ ಮುಗಿದಿರುತ್ತದೆ. ಮಳೆಗಾಲದಲ್ಲಿ ಬೇಕಾದಷ್ಟು ಸಿಗುತ್ತದೆ. ಮುಂಗೈಯ ಹಿಂಬದಿಯನ್ನು ಕಾಗದಕ್ಕೆ ತಾಗಿಸಿ ನೋಡಿದರು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದು ಅರ್ಥ.

ಆಮೇಲೆ ಮೋಡ ಹಾಕಿದರು. ಆಚೆ ದಡದ ತೆಂಗಿನ ಸಾಲನ್ನು ಮೋಡದೊಳಗೇ ಕರಗಿಸಿದರು. ಗೆರೆ ಇಲ್ಲ, ಎಲೆ ಇಲ್ಲ. ಬರೀ ಒಂದು ಬೂದು ಹಸಿರು, ಮೇಲೆ ಹೋಗುತ್ತಾ ಇಲ್ಲವಾಗುವುದು. ಆದರೂ ಅದು ಉಳ್ಳಾಲದ ಕಡೆಯ ದಡವೇ ಎಂದು ಈ ಊರಿನವರು ಯಾರೂ ಹೇಳಬಹುದು. ನೈಜ ಎಂದರೆ ಪ್ರತಿ ಗರಿಯನ್ನೂ ಎಣಿಸಿ ಬರೆಯುವುದು ಅಂದುಕೊಂಡವರು ಇದನ್ನು ನೋಡಬೇಕು. ಜೋರು ಮಳೆಯಲ್ಲಿ ಆಚೆ ದಡದ ಗರಿ ಕಾಣುವುದಿಲ್ಲ. ಕಾಣದ್ದನ್ನು ಬರೆಯದಿರುವುದೂ ನೈಜವೇ.

ಒಂದೇ ಮನೆಯನ್ನು 30 ವರ್ಷ

ಮಾಸ್ಟ್ರ ಕಪಾಟಿನಲ್ಲಿ ಆಂಡ್ರ್ಯೂ ವೈಯೆತ್ ಚಿತ್ರಗಳ ಒಂದು ಹಳೆ ಪುಸ್ತಕ ಇದೆ. ಅಂಚೆಲ್ಲ ತೇವಕ್ಕೆ ಅಲೆಯಾಗಿದೆ. ವೈಯೆತ್ ಹುಟ್ಟಿದ್ದು 1917ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಚ್ಯಾಡ್ಸ್ ಫೋರ್ಡ್‌ನಲ್ಲಿ. 1937ರಲ್ಲಿ, 20ರ ಹರೆಯದಲ್ಲಿ, ನ್ಯೂಯಾರ್ಕಿನಲ್ಲಿ ಜಲವರ್ಣಗಳ ಮೊದಲ ಪ್ರದರ್ಶನ. ಎಲ್ಲ ಚಿತ್ರಗಳೂ ಮಾರಾಟವಾದವು. ಇನ್ನೊಬ್ಬರಾಗಿದ್ದರೆ ಜೀವನವಿಡೀ ಅದನ್ನೇ ಮಾಡುತ್ತಿದ್ದರೋ ಏನೋ. ಅವರು ಡ್ರೈ ಬ್ರಷ್, ಟೆಂಪೆರಾ (ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಬರೆಯುವುದು) ಎಂದು ನಿಧಾನದ ಕೆಲಸಗಳ ಕಡೆಗೂ ಹೊರಳಿದರು. ಡ್ರೈ ಬ್ರಷ್ ಎಂದರೆ ಬಣ್ಣ ತುಂಬಿದ ಬ್ರಷ್ಷನ್ನು ಬೆರಳಲ್ಲಿ ಹಿಂಡಿ, ಬಹುತೇಕ ಒಣಗಿಸಿ, ಎಳೆ ಎಳೆಯಾಗಿ ಗೀಚುವುದು. ಒಣಹುಲ್ಲು, ಬಣ್ಣ ಬಿಟ್ಟ ಮರ, ಮುದುಕರ ಕೈಯ ಚರ್ಮ ಎಲ್ಲ ಹಾಗೆ ಬರುತ್ತವೆ.

ಆದರೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ. 1939ರಲ್ಲಿ ಮೇಯ್ನ್ ರಾಜ್ಯದ ಕರಾವಳಿಯ ಕುಶಿಂಗ್‌ನಲ್ಲಿ ವೈಯೆತ್‌ಗೆ ಓಲ್ಸನ್ ಎಂಬವರ ಹಳೆ ಮನೆಯ ಪರಿಚಯವಾಯಿತು. ಕ್ರಿಸ್ಟೀನಾ, ಆಲ್ವಾರೊ ಎಂಬ ಅಕ್ಕ ತಮ್ಮ ಅಲ್ಲಿದ್ದರು. ಕ್ರಿಸ್ಟೀನಾಗೆ ನಡೆಯಲು ಆಗುತ್ತಿರಲಿಲ್ಲ. ಆದರೂ ಗಾಲಿಕುರ್ಚಿ ಬೇಡ ಎಂದು ನೆಲದ ಮೇಲೆ ತೆವಳಿಕೊಂಡೇ ಓಡಾಡುತ್ತಿದ್ದರು. ವೈಯೆತ್ ಸುಮಾರು 30 ವರ್ಷ, ಬೇಸಿಗೆ ಬಂದಾಗೆಲ್ಲ, ಆ ಮನೆಗೆ ಹೋದರು. ಮಹಡಿಯ ಕೋಣೆಯಲ್ಲಿ ಕೂತು ಕೆಲಸ ಮಾಡಿದರು. ಕಿಟಕಿ, ಬಾಗಿಲು, ಬಕೆಟ್ಟು, ಕಾಳಿನ ಚೀಲ ಎಲ್ಲವನ್ನೂ ಬರೆದರು. 1948ರ 'ಕ್ರಿಸ್ಟೀನಾಸ್ ವರ್ಲ್ಡ್' ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. ಅದು ಟೆಂಪೆರಾ. ಹುಲ್ಲಿನಲ್ಲಿ ಕೂತು ಮನೆಯ ಕಡೆ ನೋಡುವ ಹೆಂಗಸು ಕ್ರಿಸ್ಟೀನಾ. ಆಗ ಅವರಿಗೆ 55 ವರ್ಷ. ಆದರೆ ಚಿತ್ರದ ಮೈಗೆ ರೂಪದರ್ಶಿಯಾಗಿ ಕೂತವರು ವೈಯೆತ್ ಅವರ ಹೆಂಡತಿ ಬೆಟ್ಸಿ. ಕೂದಲು ಕೂದಲು ಎಣಿಸಿದ ಹಾಗೆ ಹುಲ್ಲು ಬರೆದ ಚಿತ್ರಕಾರ ಕೂಡ ಹೀಗೆ ಮಾಡಿದ್ದಾರೆ. ವರ್ಷಗಟ್ಟಲೆ ಹೋಗಿ ಬಂದು ಒಂದು ಮನೆಯ ಒಳಹೊರಗು ತಿಳಿದವರಿಗೆ ಏನು ಬದಲಾಯಿಸಿದರೆ ಆ ಮನೆ ಸುಳ್ಳಾಗುವುದಿಲ್ಲ ಎಂದು ಗೊತ್ತಿರುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ನಮ್ಮಲ್ಲಿ ಇಂಥ ಹಟದ ಜಲವರ್ಣ ಎಂದರೆ ಮೊದಲು ನೆನಪಾಗುವುದು ಕೆ. ವೆಂಕಟಪ್ಪ (1886-1965). ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತರು. ಅಲ್ಲಿ ಪುರಾಣದ ವಿಷಯಗಳನ್ನು ಬರೆದವರು ಆಮೇಲೆ ಊಟಿ, ಕೊಡೈಕೆನಾಲ್‌ಗಳಿಗೆ ಹೋಗಿ ಬೆಟ್ಟ, ಕೆರೆ, ಮಂಜು ಬರೆದರು. ಅವರ ಊಟಿಯ ಮಂಜನ್ನು ನೋಡುವಾಗ ನನಗೆ ಕಲ್ಕತ್ತೆಯ ಶಿಷ್ಯನಿಗಿಂತ ಬೆಟ್ಟದ ಎದುರು ಗಂಟೆಗಟ್ಟಲೆ ಕೂತ ಮನುಷ್ಯನೇ ಹೆಚ್ಚು ಕಾಣುತ್ತಾರೆ.

ಸಂಬಳ, ಬೋರ್ಡು, ಭಾನುವಾರದ ಕ್ಲಾಸು

ಈ ಕೆಲಸದಿಂದ ಊಟ ನಡೆಯುತ್ತದಾ? ಇಲ್ಲ. ಮಾಸ್ಟ್ರ ಮನೆ ನಡೆದದ್ದು ಅನುದಾನಿತ ಹೈಸ್ಕೂಲಿನ ಡ್ರಾಯಿಂಗ್ ಮಾಸ್ಟ್ರ ಸಂಬಳದಲ್ಲಿ. ಕೆಲಸ ಕಾಯಂ ಆಗುವ ಮೊದಲು ಅಂಗಡಿಗಳ ಬೋರ್ಡು ಬರೆದರು. ನಾಟಕದ ಪರದೆ ಬರೆದರು. ತೀರಿಹೋದವರ ಭಾವಚಿತ್ರವನ್ನು ಪಾಸ್‌ಪೋರ್ಟ್ ಸೈಜಿನ ಫೋಟೋ ನೋಡಿ ದೊಡ್ಡದು ಮಾಡಿಕೊಟ್ಟರು. ಫೋಟೋ ನೋಡಿ ಬರೆಯುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆ ಮನುಷ್ಯರನ್ನು ಮತ್ತೆ ನೋಡಲು ದಾರಿ ಇರಲಿಲ್ಲ, ಹಾಗಾಗಿ ಫೋಟೋ. ದೊಡ್ಡಮ್ಮನ ಮನೆಯ ವಿಷಯದಲ್ಲಿ ದಾರಿ ಇತ್ತು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ನಿಂತಿತು. ಅವರ ಜೊತೆಗೆ ಬೋರ್ಡು ಬರೆಯುತ್ತಿದ್ದವರು ಎಷ್ಟೋ ಜನ ಮನೆಗೆ ಪೇಂಟ್ ಹೊಡೆಯುವ ಕೆಲಸಕ್ಕೆ ಹೋದರು. ಆ ದಿನಗಳ ಬಗ್ಗೆ ಅವರಿಗೆ ಬೇಸರ ಇಲ್ಲ. ಏಣಿ ಮೇಲೆ ನಿಂತು ಎರಡಡಿ ಅಕ್ಷರ ಬರೆದ ಕೈಗೆ ಮಾಡಿನ ಉದ್ದದ ಗೆರೆ ಒಂದೇ ಉಸಿರಿಗೆ ಎಳೆಯಲು ಬರುತ್ತದೆ ಅನ್ನುತ್ತಾರೆ.

ಚಿತ್ರ ಕಲಿಯಬೇಕು ಅಂದವರು ಊರು ಬಿಡುವುದೇ ನಮ್ಮಲ್ಲಿ ನಡೆದು ಬಂದದ್ದು. ಉಡುಪಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911-1996) ಮುಂಬಯಿಯ ಜೆ.ಜೆ. ಕಲಾ ಶಾಲೆಗೆ ಹೋಗಿ ಅಲ್ಲೇ ದೊಡ್ಡ ಕಲಾವಿದರಾದರು. ಇಟೆಲಿಯ ಆಂಟೋನಿಯೊ ಮೊಸ್ಕೇನಿ ಅಷ್ಟು ದೂರದಿಂದ ಬಂದು 1899ರಿಂದ 1901ರ ನಡುವೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಛಾವಣಿ ತುಂಬಿಸಿದರು. ಇಲ್ಲೇ ಉಳಿದು ಇಲ್ಲಿಯದನ್ನೇ ಬರೆದವರ ಹೆಸರು ಊರ ಹೊರಗೆ ಹೋಗುವುದು ಕಡಿಮೆ. ಬಿಜಿಎಂ ಎಂದೇ ಹೆಸರಾದ ಬಿ.ಜಿ. ಮಹಮ್ಮದ್ ಮಂಗಳೂರಿನಲ್ಲೇ ಇದ್ದು ಎಷ್ಟೋ ಜನರಿಗೆ ಚಿತ್ರ ಕಲಿಸಿದರು. ಇಂಥವರ ಬಳಿ ಕಲಿತವರೇ ಮುಂದೆ ನಮ್ಮ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ಟ್ರುಗಳಾದದ್ದು. ಈ ಸಾಲಿನ ಬಗ್ಗೆ ಯಾರಾದರೂ ಕೂತು ಸರಿಯಾಗಿ ಬರೆಯಬೇಕು ಎಂದು ನನಗೆ ತುಂಬ ಆಸೆ ಇದೆ.

ಈಗ ಮಾಸ್ಟ್ರು ಭಾನುವಾರ ಮಕ್ಕಳಿಗೆ ಕ್ಲಾಸು ಮಾಡುತ್ತಾರೆ. ಮೊದಲ ಪಾಠ ಒಂದು ಹಂಚು. ಪ್ರತಿ ಮಗುವಿಗೂ ಒಂದೊಂದು ಹಳೆ ಹಂಚು ಕೊಟ್ಟು, "ಮೊದಲು ಕೈಯಲ್ಲಿ ಹಿಡಿದು ನೋಡಿ" ಅನ್ನುತ್ತಾರೆ. ಮೇಲೆ ನೀರು ಇಳಿಯುವ ಎರಡು ಕಾಲುವೆ. ಪಕ್ಕದಲ್ಲಿ ಇನ್ನೊಂದು ಹಂಚು ಕೂರುವ ತೋಡು. ಹಿಂದೆ ರೀಪಿಗೆ ಸಿಕ್ಕಿಸುವ ಮೂಗು. ತಿರುಗಿಸಿದರೆ ಕಾರ್ಖಾನೆಯ ಹೆಸರು. ಮಕ್ಕಳು ಬೆರಳಾಡಿಸಿ ಓದುತ್ತಾರೆ. ಎರಡು ಹಂಚು ಜೋಡಿಸಿ ಮೇಲಿಂದ ನೀರು ಬಿಟ್ಟು, ಎಲ್ಲಿ ಇಳಿಯುತ್ತದೆ ಎಂದು ನೋಡಿಸುತ್ತಾರೆ. ಪೆನ್ಸಿಲ್ ಹಿಡಿಯುವುದು ಆಮೇಲೆ. ನೀರು ಎಲ್ಲಿ ಇಳಿಯುತ್ತದೆ ಎಂದು ನೋಡಿದ ಮಗು ಹಾವಸೆಯನ್ನು ಎಲ್ಲೆಲ್ಲೋ ಬಳಿಯುವುದಿಲ್ಲ. ಟೆರೇಸ್ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಹಂಚನ್ನು ಮುಟ್ಟಿದ್ದೇ ಅಲ್ಲಿ ಮೊದಲು.

ಬೂಷ್ಟು, ಬೆಳಕು

ಇಷ್ಟೆಲ್ಲ ಮಾಡಿ ಬರೆದ ಚಿತ್ರಕ್ಕೆ ನಮ್ಮ ಕರಾವಳಿಯಲ್ಲಿ ದೊಡ್ಡ ಶತ್ರು ಗಾಳಿಯ ತೇವ. ಗಾಳಿಯ ತೇವಾಂಶ ಶೇ. 65-70 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯಲು ಶುರು. ಮಳೆಗಾಲದಲ್ಲಿ ನಮ್ಮಲ್ಲಿ ಅದು ಶೇ. 80ಕ್ಕಿಂತ ಮೇಲೆಯೇ ಇರುತ್ತದೆ. ಒಳ್ಳೆಯ ಜಲವರ್ಣ ಕಾಗದಕ್ಕೆ ಜೆಲಟಿನ್‌ನಂಥ ಅಂಟು ಕುಡಿಸಿರುತ್ತಾರೆ. ಬಣ್ಣ ಒಳಗೆ ಇಂಗದೆ ಮೇಲೆ ನಿಲ್ಲುವುದು ಅದರಿಂದ. ಬೂಷ್ಟಿಗೆ ಆ ಅಂಟೇ ಊಟ. ಕಪಾಟಿನಲ್ಲಿ ಎರಡು ಮಳೆಗಾಲ ಕಳೆದ ಹೊಸ ಕಾಗದ ಕೂಡ ಕೆಲವೊಮ್ಮೆ ಕೆಟ್ಟಿರುತ್ತದೆ. ನೋಡಲು ಏನೂ ಆಗಿರುವುದಿಲ್ಲ. ಬಣ್ಣ ತಾಗಿದ ಕೂಡಲೇ ಅಲ್ಲಲ್ಲಿ ಒತ್ತುಕಾಗದದ ಹಾಗೆ ಹೀರಿಕೊಂಡು ಚುಕ್ಕೆ ಬೀಳುತ್ತದೆ. ಅದಕ್ಕೇ ಮಾಸ್ಟ್ರು ಒಂದೇ ಸಲ ಬಹಳ ಕಾಗದ ತರುವುದಿಲ್ಲ. ತಂದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತಾರೆ.

ಬೆಳಕು ಇನ್ನೊಂದು. ಇಂಗ್ಲೆಂಡಿನಲ್ಲಿ ರಸೆಲ್, ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳು ಜಲವರ್ಣದ ಬಣ್ಣಗಳನ್ನು ಬೆಳಕಿಗಿಟ್ಟು ಪರೀಕ್ಷೆ ಮಾಡಿ 1888ರಲ್ಲಿ ವರದಿ ಕೊಟ್ಟರು. ಎಷ್ಟೋ ಬಣ್ಣಗಳು ಮಾಸಿದವು. ತೇವದ ಗಾಳಿಯಲ್ಲಿಟ್ಟಾಗ ಜಾಸ್ತಿ ಮಾಸಿದವು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿಟ್ಟವು ಹೆಚ್ಚಿನವು ಹಾಗೇ ಉಳಿದವು. ಅಂದರೆ ಬಿಸಿಲು, ತೇವ ಎರಡೂ ಸೇರುವ ನಮ್ಮಂಥ ಊರಲ್ಲಿ ಚಿತ್ರಕ್ಕೆ ಎರಡು ಪಟ್ಟು ಕಷ್ಟ. ಮ್ಯೂಸಿಯಮ್ಮುಗಳು ಜಲವರ್ಣಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದ ಹಾಗೆ ನೋಡಿಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಚಿತ್ರ ತೂಗುವುದು ಎಲ್ಲರಿಗೂ ಕಾಣಲಿ ಎಂದು ಕಿಟಕಿಯ ಎದುರು ಗೋಡೆಗೆ. ಸಂಜೆ ಬಿಸಿಲು ನೇರ ಅದರ ಮೇಲೆ. ಮಣ್ಣಿನ ಬಣ್ಣಗಳು ತಾಳಿಕೊಳ್ಳುತ್ತವೆ. ಅಲಿಝರಿನ್ ಕೆಂಪಿನಂಥವು ಮೊದಲು ಹೋಗುತ್ತವೆ. ಕೆಲವರ ಹಳೆ ಚಿತ್ರಗಳಲ್ಲಿ ದಾಸವಾಳ ಬೆಳ್ಳಗಾಗಿ ಗೋಡೆ ಮಾತ್ರ ಕೆಂಪಗೆ ಉಳಿದಿರುವುದನ್ನು ನಾನೇ ನೋಡಿದ್ದೇನೆ.

ಹಾಗಾಗಿ ಮನೆಯಲ್ಲಿ ಇಂಥ ಚಿತ್ರ ಇರುವವರಲ್ಲಿ ನನ್ನದೊಂದು ಬೇಡಿಕೆ. ಹೊರಗೋಡೆಗೆ, ಅದರಲ್ಲೂ ಪಡು ಗೋಡೆಗೆ ತೂಗಬೇಡಿ. ಗಾಜು ಚಿತ್ರಕ್ಕೆ ಅಂಟಿಕೊಳ್ಳದ ಹಾಗೆ ನಡುವೆ ಮೌಂಟ್, ಅಂದರೆ ಸುತ್ತ ದಪ್ಪ ಕಾಗದದ ಅಂಚು, ಹಾಕಿಸಿ. ಅಂಟು ಬಳಿದು ಚಿತ್ರವನ್ನು ಪೂರ್ತಿ ಬೋರ್ಡಿಗೆ ಹಚ್ಚಲು ಫ್ರೇಮಿನವರಿಗೆ ಬಿಡಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಒಂದು ಸಲ ಇಳಿಸಿ ಹಿಂಬದಿ ನೋಡಿ. ಇಳಿಸಿದಾಗ, ಆ ಮನೆ ಯಾವುದು, ಯಾವ ಊರು, ಯಾವ ದಿಕ್ಕಿನಿಂದ ನೋಡಿದ್ದು, ಯಾರು ಇದ್ದರು ಎಂದು ನಿಮಗೆ ಗೊತ್ತಿರುವಷ್ಟನ್ನು ಹಿಂದೆ ಬರೆದಿಡಿ. ಮಾಸ್ಟ್ರು ತಾವು ಬರೆದ ಪ್ರತಿ ಚಿತ್ರದ ಬೆನ್ನಿಗೂ ಜಾಗ, ತಿಂಗಳು, ಹೊತ್ತು ಬರೆದಿರುತ್ತಾರೆ. ಆದರೆ ಹಳೆ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಹೆಸರೇ ಇಲ್ಲ. ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆಯಬೇಕು. ಪೆನ್ನು ಬೇಡ, ಶಾಯಿ ತೇವಕ್ಕೆ ಹರಡಿ ಚಿತ್ರದ ಮುಂಬದಿಗೆ ಬರುತ್ತದೆ. ಮೆತ್ತಗಿನ ಪೆನ್ಸಿಲಿನಲ್ಲಿ, ಜೋರಾಗಿ ಒತ್ತದೆ, ಅಂಚಿನಲ್ಲಿ ಬರೆಯಿರಿ.